ಹಳೆಯ ಗಣಕಕ್ಕೆ ಹೊಸ ಬಾಗಿಲು

ವಿಜಯಪುರ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಚಡಚಣಕ್ಕೆ ಸಮೀಪವಾಗಿ, ಹಲಸಂಗಿ ಎಂಬ ಊರಿದೆ. ಜೋಳದ ಹೊಲಗಳ ನಡುವಿನ ಈ ಸಣ್ಣ ಊರಿನ ಹೆಸರು ಕನ್ನಡ ಬಲ್ಲವರ ಮನೆಮನೆಗೂ ಮುಟ್ಟಿದ್ದು ಬೀಸುವ ಕಲ್ಲಿನ ಹಾಡುಗಳ ಮೂಲಕ. ಮಧುರಚೆನ್ನರೆಂದು ಹೆಸರಾದ ಚೆನ್ನಮಲ್ಲಪ್ಪ ಗಲಗಲಿಯವರು, ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು, ಧೂಲಾಸಾಹೇಬರು ಮೊದಲಾದವರು ಕೂಡಿಕೊಂಡು 'ಹಲಸಂಗಿ ಗೆಳೆಯರು' ಎಂದು ಕರೆಸಿಕೊಂಡರು. ಓದುಬರಹ ಕಲಿತವರು ಒಕ್ಕಲಿಗರ ಹೆಣ್ಣುಮಕ್ಕಳ ಹಾಡನ್ನು ಕಿವಿಯ ಮೇಲೆ ಹಾಕಿಕೊಳ್ಳದಿದ್ದ ಕಾಲದಲ್ಲಿ ಇವರು ಆ ಹಾಡುಗಳನ್ನು ಕೂಡಿಹಾಕಿದರು. 1931ರಲ್ಲಿ 'ಗರತಿಯ ಹಾಡು' ಅಚ್ಚಾಗಿ ಹೊರಬಂದಿತು. ಬಾಯಿಂದ ಬಾಯಿಗೆ ಹರಿದುಬಂದ ಸಂಪತ್ತು ಹೀಗೆ ಕಾಗದದ ಮೇಲೆ ನೆಲೆನಿಂತಿತು.

ಹಾಡನ್ನು ಬರೆದುಕೊಳ್ಳಲು ಕುಳಿತವನ ಕಷ್ಟವನ್ನು ಸ್ವಲ್ಪ ಯೋಚಿಸಬೇಕು. ಕಲ್ಲು ತಿರುಗುತ್ತಿರುವಾಗ ಹಾಡು ತಾನಾಗಿ ಬರುತ್ತದೆ. ಕಲ್ಲು ನಿಂತರೆ ಹಾಡೂ ನಿಲ್ಲುತ್ತದೆ. "ಅವ್ವಾ, ಇನ್ನೊಮ್ಮೆ ಹೇಳು" ಎಂದರೆ ಅವಳಿಗೆ ಮೊದಲಿನ ನುಡಿ ಮರೆತು ಮುಂದಿನದು ನೆನಪಾಗುತ್ತದೆ. ಬಾಯಿಯ ವೇಗ ಒಂದು, ಕೈಯ ವೇಗ ಒಂದು. ಇವೆರಡರ ನಡುವಿನ ಅಂತರದಲ್ಲಿ ಎಷ್ಟೋ ಹಾಡುಗಳು ಜಾರಿಹೋಗಿರಬೇಕು.

ಇಂದು ಬರೆದುಕೊಳ್ಳುವ ಕೈಯ ಜಾಗದಲ್ಲಿ ಯಂತ್ರ ಬಂದು ಕುಳಿತಿದೆ. ಆದರೆ ತೊಂದರೆ ತೀರಿತೆ? ಇಲ್ಲ, ಅದು ಬೇರೆಡೆಗೆ ಸರಿಯಿತು, ಅಷ್ಟೆ. ಒಂದು ತ್ರಿಪದಿಯನ್ನು ಗಣಕದಲ್ಲಿ ಅಕ್ಷರರೂಪದಲ್ಲಿ ಇಟ್ಟರೆ ಅದು ಹಿಡಿಯುವ ಸ್ಥಳ ಸುಮಾರು 300 ಬೈಟು. ಒಂದು ಸಾವಿರ ತ್ರಿಪದಿಗಳು ಹಿಂದಿನ ಕಾಲದ ಒಂದು ಫ್ಲಾಪಿ ತಟ್ಟೆಯ ಕಾಲುಭಾಗದಲ್ಲಿ ಸುಖವಾಗಿ ಮಲಗುತ್ತವೆ. ಅದೇ ತ್ರಿಪದಿಯನ್ನು ಅಜ್ಜಿಯೊಬ್ಬಳು ರಾಗವಾಗಿ ಹಾಡಲು ಇಪ್ಪತ್ತು ಸೆಕೆಂಡು ತೆಗೆದುಕೊಂಡಳೆನ್ನಿ. ಮೊಮ್ಮಗನು ಆ ದೃಶ್ಯವನ್ನು ಮೊಬೈಲಿನಲ್ಲಿ ಹಿಡಿದನೆನ್ನಿ. ಈಗ ಅದು ಹಿಡಿಯುವ ಸ್ಥಳ ಸುಮಾರು 40 ಮೆಗಾಬೈಟು, ಎಂದರೆ ಅಕ್ಷರರೂಪದ ಲಕ್ಷ ಪಟ್ಟಿಗೂ ಮಿಕ್ಕಿ! ಅಜ್ಜಿಯ ದನಿ, ಕೈಬಳೆಯ ಸದ್ದು, ಹಾಡಿನ ನಡುವೆ ಬಂದ ಕೆಮ್ಮು, ಹಿತ್ತಲಿನ ಕೋಳಿಯ ಕೂಗು ಎಲ್ಲವೂ ಅದರೊಳಗಿವೆ. ಈ ಲಕ್ಷ ಪಟ್ಟು ಭಾರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊತ್ತು ಸಾಗಿಸುವವರು ಯಾರು? ಯಾವ ಬಾಗಿಲಿನಿಂದ? ಪ್ರಶ್ನೆ ಇಲ್ಲಿ ಹುಟ್ಟುತ್ತದೆ.

ಊರು ಬಿಟ್ಟು ಪಟ್ಟಣದಲ್ಲಿ ನೆಲೆಸಿದ ಒಂದು ಸಾಧಾರಣ ಕುಟುಂಬವನ್ನು ಕಣ್ಣಮುಂದೆ ತಂದುಕೊಳ್ಳಬಹುದು. 2010ರ ಸುಮಾರಿಗೆ ಮಗಳ ಕಾಲೇಜು ಓದಿಗೆಂದು ಕೊಂಡ ಗಣಕವೊಂದು ನಡುಮನೆಯ ಮೂಲೆಯಲ್ಲಿದೆ. ಮಗಳು ಓದು ಮುಗಿಸಿ ಗಂಡನ ಮನೆಗೆ ಹೋದರೂ ಗಣಕ ಹೋಗಿಲ್ಲ. ತಂದೆಯ ಲೆಕ್ಕಪತ್ರ, ಹಳೆಯ ಕನ್ನಡ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಮನೆತನದ ವಂಶಾವಳಿ, ಮುಂಜಿ-ಮದುವೆಗಳ ಚಿತ್ರ, ಎಲ್ಲವೂ ಅದರಲ್ಲಿವೆ. ಜೊತೆಗೆ 500 ಗಿಗಾಬೈಟಿನ ಒಂದು ಹೊರಗಿನ ಹಾರ್ಡ್ ಡಿಸ್ಕು. ಊರಿಗೆ ಹೋದಾಗಲೆಲ್ಲ ಹಿಡಿದುತಂದ ಅಜ್ಜಿಯ ಹಾಡುಗಳು ಅದರಲ್ಲಿ ತುಂಬಿವೆ. ಅಜ್ಜಿ ಈಗಿಲ್ಲ. ಆ ಡಿಸ್ಕಿನಲ್ಲಿರುವುದು ಏಕಮಾತ್ರ ಪ್ರತಿ, ಅದಕ್ಕೂ ವಯಸ್ಸಾಗಿದೆ. ಮತ್ತೊಂದು ಪ್ರತಿ ಮಾಡಬೇಕೆಂದು ಮನೆಯವರು ಎಷ್ಟೋ ಭಾನುವಾರಗಳಲ್ಲಿ ಕುಳಿತಿದ್ದಾರೆ. ಪರದೆಯ ಮೇಲೆ 'ಇನ್ನು ನಾಲ್ಕು ಗಂಟೆ' ಎಂಬ ಸೂಚನೆ ಕಂಡೊಡನೆ ಎದ್ದುಹೋಗಿದ್ದಾರೆ. ನಡುವೆ ಕರೆಂಟು ಹೋಗಿ ಕೆಲಸ ಕೆಟ್ಟದ್ದೂ ಉಂಟು. ಇಂತಹ ಮನೆಗಳು ನಮ್ಮ ನಾಡಿನಲ್ಲಿ ವಿರಳವೇನೂ ಅಲ್ಲ.

ಗಣಕವೇ ಮುದಿಯಾಯಿತೆಂದು ಅದನ್ನು ಗುಜರಿಗೆ ಹಾಕಬೇಕೆ? ಹಾಗೆ ಸಲಹೆ ಮಾಡುವವರು ಬಹಳ. ಆದರೆ ದೋಷವಿರುವುದು ಯಂತ್ರದ ಬುದ್ಧಿಯಲ್ಲಿ ಅಲ್ಲ, ಬಾಗಿಲಿನ ಅಗಲದಲ್ಲಿ. ಮನೆಯ ಬಾಗಿಲು ಕಿರಿದಾಯಿತೆಂದು ಮನೆಯನ್ನೇ ಕೆಡವುವವರು ಯಾರೂ ಇಲ್ಲ.

ಈ ಬಾಗಿಲಿಗೆ ಯು.ಎಸ್.ಬಿ. ಎಂದು ಹೆಸರು. ಅದರ ಕಥೆಯಲ್ಲಿ ಒಬ್ಬ ಭಾರತೀಯನ ಪಾತ್ರ ದೊಡ್ಡದು. ಬಡೋದೆಯಲ್ಲಿ ಓದಿ, ಅಮೆರಿಕಕ್ಕೆ ಹೋಗಿ, 1990ರಲ್ಲಿ ಇಂಟೆಲ್ ಕಂಪನಿಯನ್ನು ಸೇರಿದ ಅಜಯ್ ಭಟ್ಟರು, ಮನೆಯ ಗಣಕಕ್ಕೆ ಮುದ್ರಣಯಂತ್ರವನ್ನು ಜೋಡಿಸಲು ತಮ್ಮ ಮನೆಯವರು ಪಡುತ್ತಿದ್ದ ಪಾಡನ್ನು ಕಂಡು, ಇದಕ್ಕೊಂದು ಸರಳ ಉಪಾಯ ಬೇಕೆಂದು ಯೋಚಿಸಿದರು. ಆ ಕಾಲದ ಗಣಕದ ಹಿಂಬದಿಯನ್ನು ನೋಡಿದವರಿಗೆ ಅದರ ಅರ್ಥವಾದೀತು: ಕೀಲಿಮಣೆಗೆ ಒಂದು ಆಕಾರದ ಕಿಂಡಿ, ಮೌಸಿಗೆ ಒಂದು, ಮುದ್ರಣಯಂತ್ರಕ್ಕೆ ಅಂಗೈಯಗಲದ ಮತ್ತೊಂದು, ದೂರವಾಣಿಯ ಮೋಡೆಮಿಗೆ ಇನ್ನೊಂದು. ಒಂದರ ಮುಳ್ಳು ಇನ್ನೊಂದಕ್ಕೆ ಹೊಂದುವಂತಿರಲಿಲ್ಲ. ಎಲ್ಲಕ್ಕೂ ಒಂದೇ ಕಿಂಡಿ ಸಾಕೆಂಬ ಭಟ್ಟರ ಮತ್ತು ಅವರ ಜೊತೆಗಾರರ ವಿಚಾರವನ್ನು ಏಳು ಕಂಪನಿಗಳು ಕೂಡಿ ಕೈಗೆತ್ತಿಕೊಂಡವು. 1996ರ ಜನವರಿಯಲ್ಲಿ ಮೊದಲನೆಯ ನಿಯಮಾವಳಿ ಹೊರಬಂದಿತು. ಅದನ್ನು ಬಳಸುವವರಿಂದ ಇಂಟೆಲ್ ಕಂಪನಿ ರಾಯಧನ ಕೇಳಲಿಲ್ಲ. ಅದು ಲೋಕವೆಲ್ಲ ಹರಡಲು ಇದೇ ಮುಖ್ಯ ಕಾರಣವೆನ್ನಬೇಕು. 2013ರಲ್ಲಿ ಭಟ್ಟರಿಗೂ ಅವರ ಸಂಗಡಿಗರಿಗೂ ಯುರೋಪಿನ ಸಂಶೋಧಕ ಪ್ರಶಸ್ತಿ ದೊರೆಯಿತು.

ಮೊದಲ ಬಾಗಿಲು ಬಹಳ ಕಿರಿದು. ಅದರ ಪರಮವೇಗ ಸೆಕೆಂಡಿಗೆ 12 ಮೆಗಾಬಿಟ್ಟು. ಮೌಸು, ಕೀಲಿಮಣೆಗಳಿಗೆ ಅದು ಧಾರಾಳವಾಯಿತು. 2000ದ ಏಪ್ರಿಲಿನಲ್ಲಿ ಎರಡನೆಯ ತಲೆಮಾರು ಬಂದು ಆ ವೇಗ 480ಕ್ಕೆ ಏರಿತು. 2008ರ ನವೆಂಬರಿನಲ್ಲಿ ಪ್ರಕಟವಾದ ಮೂರನೆಯ ತಲೆಮಾರಿನಲ್ಲಿ ಅದು 5,000 ಮೆಗಾಬಿಟ್ಟನ್ನು ಮುಟ್ಟಿತು. ಮುಂದೆ 2013ರಲ್ಲಿ ಹತ್ತು ಸಾವಿರ, 2017ರಲ್ಲಿ ಇಪ್ಪತ್ತು ಸಾವಿರ. ಹಳೆಯ ಗಣಕದ ಯಜಮಾನರು ಈ ಕೊನೆಯವುಗಳ ಆಸೆಯನ್ನು ಬಿಡುವುದು ಒಳ್ಳೆಯದು. ಮೂರನೆಯ ತಲೆಮಾರೇ ಅವರಿಗೆ ಹೇಳಿಮಾಡಿಸಿದ್ದು.

ಈ ಅಂಕಿಗಳನ್ನು ಗೃಹಕೃತ್ಯದ ಭಾಷೆಗೆ ತಿರುಗಿಸಿ ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ. ಆ ಕುಟುಂಬದ 500 ಗಿಗಾಬೈಟಿನ ಡಿಸ್ಕು ಪೂರ್ತಿ ತುಂಬಿದೆಯೆಂದು ಇಟ್ಟುಕೊಂಡರೆ, ಮೊದಲ ತಲೆಮಾರಿನ ಕಿಂಡಿಯಿಂದ ಅದನ್ನು ಖಾಲಿ ಮಾಡಲು ಹಗಲಿರುಳು ಸೇರಿ ಸುಮಾರು ಐದು ಮುಕ್ಕಾಲು ದಿನ ಬೇಕು. ಎರಡನೆಯದರಿಂದ ನಾಲ್ಕು ಗಂಟೆಗೂ ಮಿಕ್ಕು ಸಮಯ. ಕಾಗದದ ಮೇಲೆ ಅದು ಸೆಕೆಂಡಿಗೆ 60 ಮೆಗಾಬೈಟು ಕೊಡಬೇಕಾದರೂ ಕೈಗೆ ಸಿಗುವುದು ಮೂವತ್ತು, ಮೂವತ್ತೈದು ಮಾತ್ರ. ಮೂರನೆಯ ತಲೆಮಾರಿನಿಂದ ಒಂದೂಕಾಲು ಗಂಟೆ. ಇಲ್ಲಿ ವೇಗ ಹತ್ತು ಪಟ್ಟು ಏರಲಿಲ್ಲವೇಕೆ ಎಂದು ಲೆಕ್ಕದಲ್ಲಿ ಚುರುಕಾದ ಮಗನೊಬ್ಬನು ಕೇಳಬಹುದು. ಬಾಗಿಲು ಈಗ ಸಾಕಷ್ಟು ಅಗಲವಾಗಿದೆ. ಆದರೆ ತಿರುಗುವ ತಟ್ಟೆಯ ಹಾರ್ಡ್ ಡಿಸ್ಕು ಸೆಕೆಂಡಿಗೆ ನೂರು, ನೂರಿಪ್ಪತ್ತು ಮೆಗಾಬೈಟಿಗಿಂತ ಬೇಗ ಓದಲಾರದು. ಸಣ್ಣ ಸಣ್ಣ ಕಡತಗಳು ಸಾವಿರಾರು ಇದ್ದರೆ ಇನ್ನೂ ನಿಧಾನ. ಒಂದು ಮೂಟೆ ಜೋಳವನ್ನು ಹೊತ್ತೊಯ್ಯುವುದಕ್ಕೂ ಅದೇ ಜೋಳವನ್ನು ಬೊಗಸೆ ಬೊಗಸೆಯಾಗಿ ಒಯ್ಯುವುದಕ್ಕೂ ಇರುವ ಭೇದವೇ ಇದು.

ನಾಲ್ಕು ಗಂಟೆಗೂ ಒಂದೂಕಾಲು ಗಂಟೆಗೂ ನಡುವಿನ ವ್ಯತ್ಯಾಸವನ್ನು ಬರಿಯ ಅವಸರಗಾರರ ಚಪಲವೆಂದು ತಳ್ಳಿಹಾಕುವಂತಿಲ್ಲ. ಕರೆಂಟಿನ ಭರವಸೆಯಿಲ್ಲದ ಊರಿನಲ್ಲಿ ಒಂದೂಕಾಲು ಗಂಟೆಯ ಕೆಲಸ ಪೂರೈಸುತ್ತದೆ, ನಾಲ್ಕು ಗಂಟೆಯದು ಮುರಿಯುತ್ತದೆ. ವಯಸ್ಸಾದ ಡಿಸ್ಕು ದುಡಿಯಬೇಕಾದ ಗಂಟೆಗಳೂ ಕಡಿಮೆಯಾಗುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಬೇಗ ಮುಗಿಯುವ ಕೆಲಸವನ್ನು ಮನುಷ್ಯನು ಮಾಡುತ್ತಾನೆ; ಬೇಗ ಮುಗಿಯದ್ದನ್ನು ಮುಂದಿನ ಭಾನುವಾರಕ್ಕೆ ಹಾಕುತ್ತಾನೆ.

ಇನ್ನು ಹೊಸ ಬಾಗಿಲನ್ನು ಕೂಡಿಸುವ ಬಗೆ. ಅದಕ್ಕೂ ಮೊದಲು ಒಂದು ಭ್ರಮೆಯನ್ನು ನಿವಾರಿಸಬೇಕು. ಅಂಗಡಿಯಲ್ಲಿ 'ಮೂರನೆಯ ತಲೆಮಾರಿನದು' ಎಂದು ಬರೆದ ನಾಲ್ಕು ಕಿಂಡಿಯ ಹಬ್ಬು ದೊರೆಯುತ್ತದೆ. ಅದನ್ನು ತಂದು ಹಳೆಯ ಕಿಂಡಿಗೆ ಸಿಕ್ಕಿಸಿ, ವೇಗ ಹೆಚ್ಚಲಿಲ್ಲವೆಂದು ಅಂಗಡಿಯವನೊಡನೆ ಜಗಳವಾಡುವವರಿದ್ದಾರೆ. ಕಾಲುದಾರಿಯ ತುದಿಯಲ್ಲಿ ನಾಲ್ಕು ಹೆದ್ದಾರಿಗಳನ್ನು ಕೂಡಿಸಿದರೆ ಗಾಡಿಗಳು ಕಾಲುದಾರಿಯಲ್ಲಿಯೇ ಬರಬೇಕಷ್ಟೆ. ಹೊಸ ದಾರಿಯನ್ನು ಗಣಕದ ಒಳಗಿನಿಂದಲೇ, ಅದರ ಮದರ್‌ಬೋರ್ಡಿನಿಂದಲೇ ಹೊರಡಿಸಬೇಕು. ಅದಕ್ಕಾಗಿಯೇ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಾದ ವಿಸ್ತರಣ ಕಾರ್ಡುಗಳು ಬಂದಿವೆ. ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆಯಾದರೂ ಸಾಮಾನ್ಯವಾಗಿ ಸಾವಿರ-ಎರಡು ಸಾವಿರ ರೂಪಾಯಿಗಳ ಆಸುಪಾಸು. ಹೊಸ ಗಣಕದ ಬೆಲೆಗೆ ಹೋಲಿಸಿದರೆ ಅದು ಅಲ್ಪವೇ.

ಕಾರ್ಡು ಕೂಡುವ ಸ್ಥಳಕ್ಕೆ ಪಿ.ಸಿ.ಐ. ಎಕ್ಸ್‌ಪ್ರೆಸ್ ಸ್ಲಾಟು ಎಂದು ಹೆಸರು. 2005ರಿಂದ ಈಚಿನ ಬಹುತೇಕ ಗಣಕಗಳಲ್ಲಿ ಅದು ಇದ್ದೇ ಇರುತ್ತದೆ. ಪೆಟ್ಟಿಗೆಯನ್ನು ತೆರೆದು ನೋಡಿದರೆ, ಹೆಬ್ಬೆರಳಿನ ಮೇಲ್ಗೆಣ್ಣಿಗಿಂತ ಅಷ್ಟೇನೂ ಉದ್ದವಲ್ಲದ ಒಂದು ಸಣ್ಣ ಗಾಡಿ ಕಾಣಿಸುತ್ತದೆ. ಇದೇ ಒಂದು ಪಥದ ಸ್ಲಾಟು. ಇದರ ಪಕ್ಕದಲ್ಲಿ ಗೇಣಿನ ಅರ್ಧದಷ್ಟು ಉದ್ದದ ಹದಿನಾರು ಪಥದ ಸ್ಲಾಟೂ ಇರುವುದುಂಟು. ಅದು ಚಿತ್ರಗಳ ಕಾರ್ಡಿಗೆಂದು ಮಾಡಿದ್ದು. ಸಣ್ಣ ಕಾರ್ಡು ದೊಡ್ಡ ಸ್ಲಾಟಿನಲ್ಲಿಯೂ ಕೆಲಸ ಮಾಡುತ್ತದೆ. ದೊಡ್ಡ ಕಾರ್ಡು ಸಣ್ಣದರಲ್ಲಿ ಕೂಡದು. ಇವೆರಡೂ ಇಲ್ಲದೆ ಬಿಳಿಯ ಬಣ್ಣದ ಉದ್ದನೆಯ ಹಳೆಯ ಪಿ.ಸಿ.ಐ. ಸ್ಲಾಟುಗಳು ಮಾತ್ರ ಕಂಡರೆ ಅಲ್ಲಿಗೆ ಆಸೆಯನ್ನು ಕೈಬಿಡುವುದು ಲೇಸು. ಆ ದಾರಿಯ ಒಟ್ಟು ವೇಗವೇ ಸೆಕೆಂಡಿಗೆ 133 ಮೆಗಾಬೈಟು, ಅದನ್ನೂ ಎಲ್ಲ ಕಾರ್ಡುಗಳು ಹಂಚಿಕೊಳ್ಳಬೇಕು.

ಪಿ.ಸಿ.ಐ. ಎಕ್ಸ್‌ಪ್ರೆಸ್ಸಿಗೂ ತಲೆಮಾರುಗಳಿವೆ. 2003ರ ಮೊದಲನೆಯದರಲ್ಲಿ ಒಂದು ಪಥದ ವೇಗ ಸೆಕೆಂಡಿಗೆ 250 ಮೆಗಾಬೈಟು, 2007ರ ಎರಡನೆಯದರಲ್ಲಿ 500. 2010ರವರೆಗಿನ ಅನೇಕ ಗಣಕಗಳಲ್ಲಿ ದೊಡ್ಡ ಸ್ಲಾಟು ಎರಡನೆಯ ತಲೆಮಾರಿನದಾಗಿದ್ದರೂ ಸಣ್ಣದು ಮೊದಲನೆಯದರ ವೇಗದಲ್ಲಿಯೇ ನಡೆಯುತ್ತದೆ. ಹೀಗಿರುವಾಗ ಯು.ಎಸ್.ಬಿ. ಮೂರರ ಪೂರ್ಣವೇಗ ದೊರೆಯದು. ಸುಮಾರು ಅರ್ಧದಷ್ಟು ದೊರೆತೀತು. ಆದರೂ ತಿರುಗುವ ಡಿಸ್ಕಿಗೆ ಅದು ಹೊಟ್ಟೆ ತುಂಬಿ ಮಿಗುತ್ತದೆ. ತಟ್ಟೆಯಿಲ್ಲದ ಹೊಸ ಬಗೆಯ ಡಿಸ್ಕುಗಳನ್ನು ಬಳಸುವವರಿಗೆ ಮಾತ್ರ ಈ ಕೊರತೆ ಗೊತ್ತಾಗುತ್ತದೆ.

ಕಾರ್ಡಿನ ಮೇಲಿರುವ ಮುಖ್ಯ ಚಿಪ್ಪು ಯಾರದೆಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು. ರೆನೆಸಾಸ್, ಏಸ್‌ಮೀಡಿಯಾ, ವಯಾ, ಫ್ರೆಸ್ಕೊ ಲಾಜಿಕ್ ಎಂಬ ಹೆಸರುಗಳು ಹೆಚ್ಚಾಗಿ ಕಾಣಸಿಗುತ್ತವೆ. 2009ರಲ್ಲಿ ಈ ಬಗೆಯ ಚಿಪ್ಪನ್ನು ಮೊತ್ತಮೊದಲು ಹೊರತಂದದ್ದು ಜಪಾನಿನ ಎನ್.ಇ.ಸಿ. ಕಂಪನಿ, ಅದರ ಆ ವಿಭಾಗವೇ ಮುಂದೆ ರೆನೆಸಾಸ್ ಆಯಿತು. ಇಂಟೆಲ್ ಕಂಪನಿಯು ತನ್ನ ಸ್ವಂತ ಚಿಪ್‌ಸೆಟ್ಟಿನೊಳಗೆ ಈ ಸೌಕರ್ಯವನ್ನು ಸೇರಿಸಿದ್ದು 2012ರಲ್ಲಿ. ಯು.ಎಸ್.ಬಿ.ಯ ತವರುಮನೆಯೇ ನಾಲ್ಕು ವರ್ಷ ತಡಮಾಡಿತೆಂಬುದು ಸ್ವಾರಸ್ಯದ ಸಂಗತಿ. 2010-11ರಲ್ಲಿ ಗಣಕ ಕೊಂಡ ಮನೆಗಳಲ್ಲೆಲ್ಲ ಈ ತೊಂದರೆ ಕಾಣಿಸುವುದು ಇದರಿಂದಲೇ.

ಪೆಟ್ಟಿಗೆಯ ಮೇಲಿನ ಹೆಸರುಗಳನ್ನು ನೋಡಿ ಗಾಬರಿಯಾಗಬೇಕಾಗಿಲ್ಲ. ಒಂದರ ಮೇಲೆ '3.0' ಎಂದಿರುತ್ತದೆ, ಇನ್ನೊಂದರ ಮೇಲೆ '3.1 ಜೆನ್ 1', ಮತ್ತೊಂದರ ಮೇಲೆ '3.2 ಜೆನ್ 1'. ಮೂರೂ ಒಂದೇ. ಮದುವೆಯಾದ ಹೆಣ್ಣಿಗೆ ಗಂಡನ ಮನೆಯಲ್ಲಿ ಹೊಸ ಹೆಸರಿಡುವ ಪದ್ಧತಿ ನಮ್ಮಲ್ಲಿದೆ. ಆದರೆ ಒಬ್ಬಳಿಗೇ ಎರಡೆರಡು ಸಲ ಹೆಸರು ಬದಲಾಯಿಸಿದ ಕೀರ್ತಿ ಈ ಯು.ಎಸ್.ಬಿ. ಮಂಡಲಿಯದು.

ಕಾರ್ಡನ್ನು ಆರಿಸುವಾಗ ಪೆಟ್ಟಿಗೆಯ ಆಕಾರವನ್ನೂ ಲಕ್ಷ್ಯದಲ್ಲಿಡಬೇಕು. ಕಚೇರಿಗಳಿಂದ ಹರಾಜಿನಲ್ಲಿ ಬಂದ ತೆಳುಮೈಯ ಗಣಕಗಳಿಗೆ ಗಿಡ್ಡ ಪಟ್ಟಿಯ ಕಾರ್ಡು ಬೇಕು. ಎತ್ತರದ ಪಟ್ಟಿಯದು ತಂದರೆ ಮುಚ್ಚಳ ಕೂಡುವುದಿಲ್ಲ. ಎರಡೂ ಪಟ್ಟಿಗಳನ್ನು ಪೆಟ್ಟಿಗೆಯೊಳಗೆ ಇಟ್ಟಿರುವ ಕಾರ್ಡನ್ನು ಕೊಂಡರೆ ಚಿಂತೆಯಿಲ್ಲ.

ವಿದ್ಯುತ್ತಿನ ವಿಷಯ ಇನ್ನೂ ಮುಖ್ಯವಾದದ್ದು. ಹಳೆಯ ಕಿಂಡಿ ಹೊರಗಿನ ಸಾಧನಕ್ಕೆ ಕೊಡಬೇಕಾದದ್ದು 5 ವೋಲ್ಟಿನಲ್ಲಿ 500 ಮಿಲಿಆಂಪಿಯರು, ಎಂದರೆ ಎರಡೂವರೆ ವಾಟು. ಹೊಸತು ಕೊಡುವುದು 900 ಮಿಲಿಆಂಪಿಯರು, ನಾಲ್ಕೂವರೆ ವಾಟು. ನಾಲ್ಕು ಕಿಂಡಿಗಳೂ ಒಮ್ಮೆಲೆ ದುಡಿದರೆ 18 ವಾಟು ಬೇಕು. ಸಣ್ಣ ಸ್ಲಾಟಿನಿಂದ ಸಾಮಾನ್ಯವಾಗಿ ಸಿಗುವುದು 10 ವಾಟು ಮಾತ್ರ. ಆದುದರಿಂದಲೇ ಒಳ್ಳೆಯ ಕಾರ್ಡುಗಳ ಬೆನ್ನಿಗೆ ಇನ್ನೊಂದು ಕಿಂಡಿಯಿಟ್ಟು, ಗಣಕದ ಪವರ್ ಸಪ್ಲೈಯಿಂದ ನೇರವಾಗಿ ತಂತಿ ಎಳೆಯಲು ಅನುಕೂಲ ಮಾಡಿರುತ್ತಾರೆ. ಕೆಲವದಕ್ಕೆ ನಾಲ್ಕು ಮುಳ್ಳಿನ ಹಳೆಯ ಮೋಲೆಕ್ಸ್ ತಂತಿ ಬೇಕು, ಕೆಲವದಕ್ಕೆ ಚಪ್ಪಟೆಯಾದ ಸಾಟಾ ತಂತಿ. ಈ ತಂತಿಯನ್ನು ಜೋಡಿಸದೆ ಬಿಟ್ಟವರ ಮನೆಯಲ್ಲಿ ಡಿಸ್ಕು ಒಮ್ಮೆ ಕಾಣಿಸಿಕೊಂಡು ಒಮ್ಮೆ ಮಾಯವಾಗುತ್ತದೆ. ದೋಷವನ್ನು ಮಾತ್ರ ಡಿಸ್ಕಿನ ಮೇಲೆ ಹೊರಿಸುತ್ತಾರೆ. ಬೇಕಾದ ತಂತಿ ಒಳಗೆ ಬಿಡುವಿಲ್ಲದಿದ್ದರೆ ಒಂದನ್ನು ಇನ್ನೊಂದಾಗಿ ಮಾರ್ಪಡಿಸುವ ತುಂಡುತಂತಿಗಳು ದೊರೆಯುತ್ತವೆ. ಆದರೆ ತಂತಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಒಟ್ಟಿಗೆ ಅಚ್ಚುಹೊಯ್ದ ಅಗ್ಗದ ಸಾಟಾ ತುಂಡುಗಳು ಒಳಗೊಳಗೇ ಸೋರಿಕೆಯಾಗಿ ಸುಟ್ಟುಹೋದ ಉದಾಹರಣೆಗಳು ಬೇಕಾದಷ್ಟಿವೆ. ಒಂದೊಂದು ತಂತಿಯನ್ನೂ ಬೇರೆಬೇರೆಯಾಗಿ ಒತ್ತಿ ಕೂಡಿಸಿದ ತುಂಡನ್ನು ಕೊಳ್ಳುವುದು ಕ್ಷೇಮ. ಹತ್ತಿಪ್ಪತ್ತು ರೂಪಾಯಿಯ ಉಳಿತಾಯಕ್ಕಾಗಿ ನಡುಮನೆಯಲ್ಲಿ ಬೆಂಕಿಯನ್ನು ಆಹ್ವಾನಿಸಬಾರದು.

ಜೋಡಿಸುವ ಕೆಲಸ ಅರ್ಧ ಗಂಟೆಯದು. ಗಣಕವನ್ನು ನಿಲ್ಲಿಸಿ, ಗೋಡೆಯ ಪ್ಲಗ್ಗನ್ನೇ ಕಿತ್ತು, ಆಮೇಲೆ ಚಾಲನೆಯ ಗುಂಡಿಯನ್ನು ಒಂದೆರಡು ಸೆಕೆಂಡು ಒತ್ತಬೇಕು. ಒಳಗೆ ಉಳಿದ ವಿದ್ಯುತ್ತು ಇದರಿಂದ ಹರಿದುಹೋಗುತ್ತದೆ. ಪಕ್ಕದ ಮುಚ್ಚಳವನ್ನು ತೆಗೆದೊಡನೆ ಧೂಳಿನ ದರ್ಶನವಾಗುವುದು ಖಂಡಿತ. ಎರೆಭೂಮಿಯ ಕಡೆಯ ಮನೆಗಳಲ್ಲಂತೂ ಹತ್ತು ವರ್ಷದ ಮಣ್ಣು ಅಲ್ಲಿ ಪದರಪದರವಾಗಿ ಕುಳಿತಿರುತ್ತದೆ. ಮೃದುವಾದ ಕುಂಚದಿಂದ ಅದನ್ನು ಸರಿಸಬೇಕು. ಬಾಯಿಂದ ಊದಿದರೆ ಧೂಳು ಕಣ್ಣಿಗೂ ಉಗುಳು ಯಂತ್ರಕ್ಕೂ ಬೀಳುತ್ತವೆ.

ಒಣಹವೆಯ ನಾಡಿನಲ್ಲಿ ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. ವಿಜಯಪುರ, ಬಾಗಲಕೋಟೆ, ಕಲಬುರಗಿಯ ಕಡೆ ಚಳಿಗಾಲದಲ್ಲಿ ಉಣ್ಣೆಯ ಅಂಗಿಯನ್ನು ಕಳಚುವಾಗ ಚಟಚಟನೆ ಕಿಡಿ ಹಾರುವುದನ್ನು ಎಲ್ಲರೂ ಕಂಡಿದ್ದಾರೆ. ಮಕ್ಕಳಿಗೆ ವಿನೋದವಾದ ಆ ಕಿಡಿಯೇ ಚಿಪ್ಪಿಗೆ ಸಿಡಿಲು. ಕರಾವಳಿಯ ಆರ್ದ್ರ ಹವೆಯಲ್ಲಿ ಈ ಭಯ ಕಡಿಮೆ; ಒಣನಾಡಿನಲ್ಲಿ ಹೆಚ್ಚು. ಕಾರ್ಡನ್ನು ಅದರ ಚೀಲದಿಂದ ತೆಗೆಯುವ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹಭಾಗವನ್ನು ಕೈಯಿಂದ ಮುಟ್ಟಬೇಕು, ಕೆಲಸದ ನಡುವೆಯೂ ಆಗಾಗ ಮುಟ್ಟುತ್ತಿರಬೇಕು. ಕಾರ್ಡನ್ನು ಅಂಚಿನಲ್ಲಿ ಹಿಡಿಯಬೇಕು. ಬಂಗಾರದ ಬಣ್ಣದ ಹಲ್ಲುಗಳನ್ನು ಬೆರಳಿನಿಂದ ಮುಟ್ಟಲಾಗದು.

ಸ್ಲಾಟಿನ ಎದುರಿಗಿರುವ ಲೋಹದ ಪಟ್ಟಿಯನ್ನು ಕಳಚಿ, ಕಾರ್ಡನ್ನು ನೇರವಾಗಿ ಇಟ್ಟು, ಎರಡೂ ಕಡೆ ಸಮನಾಗಿ ಒತ್ತಿದರೆ ಅದು ತಾನಾಗಿ ಕೂಡುತ್ತದೆ. ಕೂಡದಿದ್ದರೆ ಬಲ ಹಾಕುವುದು ತರವಲ್ಲ. ತೆಗೆದು ಮತ್ತೆ ಇಡಬೇಕು. ತಿರುಪನ್ನು ಮರೆಯದೆ ಬಿಗಿಯಬೇಕು, ಏಕೆಂದರೆ ಮುಂದೆ ತಂತಿಯನ್ನು ಎಳೆದಾಗಲೆಲ್ಲ ಕಾರ್ಡಿಗೆ ಆಧಾರವಾಗುವುದು ಆ ಒಂದೇ ತಿರುಪು. ಪವರ್ ತಂತಿಯನ್ನು ಸಿಕ್ಕಿಸಿ ಮುಚ್ಚಳ ಹಾಕಿದರೆ ಕೈಕೆಲಸ ಮುಗಿಯಿತು.

ಉಳಿಯುವುದು ಗಣಕಕ್ಕೆ ಹೊಸ ನೆಂಟನ ಪರಿಚಯ ಮಾಡಿಸುವುದು. 2012ರ ವಿಂಡೋಸ್ 8 ಮತ್ತು ಅದರ ಮುಂದಿನವು ಈ ಕಾರ್ಡುಗಳನ್ನು ತಾವಾಗಿ ಗುರುತಿಸುತ್ತವೆ. ವಿಂಡೋಸ್ 7 ಗುರುತಿಸುವುದಿಲ್ಲ. ಕಾರ್ಡಿನೊಡನೆ ಬಂದ ತಟ್ಟೆಯಿಂದಲೋ ಚಿಪ್ಪಿನ ತಯಾರಕರಿಂದಲೋ ಡ್ರೈವರನ್ನು ತಂದು ಹಾಕಬೇಕು. ಇನ್ನೂ ಹಳೆಯದಾದ ಎಕ್ಸ್.ಪಿ.ಗೆ ಡ್ರೈವರು ದೊರೆಯುವುದು ಕೆಲವೇ ಚಿಪ್ಪುಗಳಿಗೆ. ಲಿನಕ್ಸ್ ಬಳಸುವವರಿಗೆ ಯಾವ ತಾಪತ್ರಯವೂ ಇಲ್ಲ: 2009ರಲ್ಲಿಯೇ, ಕಾರ್ಡುಗಳು ಅಂಗಡಿಗೆ ಬರುವ ಹೊತ್ತಿಗೆ, ಅದು ಈ ವಿದ್ಯೆಯನ್ನು ಕಲಿತು ಕುಳಿತಿತ್ತು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿಯೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿಯೂ ತಯಾರಕರ ಸಾಮಾನ್ಯ ಆಸರೆ ನಿಂತಿರುವುದರಿಂದ, ಇಂತಹ ಹಳೆಯ ಯಂತ್ರವನ್ನು ಅಂತರ್ಜಾಲಕ್ಕೆ ತೆರೆದಿಡದೆ ಮನೆಯ ಕಡತಗಳ ಉಗ್ರಾಣವಾಗಿ ಇಟ್ಟುಕೊಳ್ಳುವುದು, ಇಲ್ಲವೆ ಅದಕ್ಕೆ ಲಿನಕ್ಸ್ ಹಾಕುವುದು ವಿವೇಕದ ಮಾರ್ಗ.

ಕೆಲವು ಸಣ್ಣ ತೊಡಕುಗಳು ಆಮೇಲೆ ತಲೆದೋರುತ್ತವೆ. ಹೊಸ ಕಿಂಡಿಯ ನಾಲಗೆ ಸಾಮಾನ್ಯವಾಗಿ ನೀಲಿಬಣ್ಣದ್ದು. ಆದರೆ ಅದು ಕಡ್ಡಾಯವಲ್ಲ, ಕಪ್ಪು ನಾಲಗೆಯವೂ ಇವೆ. ಹಳೆಯ ಯು.ಎಸ್.ಬಿ.ಯಲ್ಲಿ ನಾಲ್ಕೇ ತಂತಿಗಳು: ಎರಡು ವಿದ್ಯುತ್ತಿಗೆ, ಎರಡು ಮಾತುಕತೆಗೆ. ಆ ಎರಡರಲ್ಲಿಯೇ ಹೋಗುವವರೂ ಬರುವವರೂ ಸರದಿಯ ಮೇಲೆ ನಡೆಯಬೇಕು. ಹೊಸತರಲ್ಲಿ ಮತ್ತೆ ಐದು ಸೇರಿ ಒಂಬತ್ತು. ಹೋಗಲು ಒಂದು ಜೋಡಿ, ಬರಲು ಒಂದು ಜೋಡಿ. ಈ ಐದು ತಂತಿಗಳ ಮುಳ್ಳುಗಳು ತಗುಲುವುದು ಕೊನೆಯಲ್ಲಿ. ತಂತಿಯನ್ನು ಅನುಮಾನಿಸುತ್ತ ನಿಧಾನವಾಗಿ ತೂರಿಸಿದರೆ ಹಳೆಯ ನಾಲ್ಕು ಮೊದಲು ತಗುಲಿ, ಗಣಕವು 'ಇದು ಹಳೆಯದೇ ಇರಬೇಕು' ಎಂದು ತೀರ್ಮಾನಿಸಿ ಹಳೆಯ ವೇಗದಲ್ಲಿಯೇ ನಡೆದುಬಿಡುತ್ತದೆ. ಆಗ ಮಾಡಬೇಕಾದದ್ದು ಇಷ್ಟೇ: ಕಿತ್ತು, ಮತ್ತೆ ಒಂದೇ ಏಟಿಗೆ ಪೂರ್ತಿ ತೂರಿಸುವುದು. ಡಿಸ್ಕಿನೊಡನೆ ಬಂದ ತಂತಿ ಕಳೆದುಹೋಗಿ ಮೊಬೈಲಿನ ಹಳೆಯ ತಂತಿಯನ್ನು ಬಳಸುವ ಮನೆಗಳಲ್ಲಿಯೂ ಫಲ ಇದೇ. ತಂತಿ ಮೂರು ಮೀಟರಿಗಿಂತ ಉದ್ದವಿರಬಾರದು.

ಇನ್ನೊಂದು ವಿಚಿತ್ರವೆಂದರೆ, ಹೊಸ ಕಿಂಡಿಯಲ್ಲಿ ಡಿಸ್ಕು ಭರದಿಂದ ಓಡುತ್ತಿರುವಾಗ ಪಕ್ಕದಲ್ಲಿಯೇ ಇರುವ ತಂತಿರಹಿತ ಮೌಸು ತಡವರಿಸತೊಡಗುತ್ತದೆ. ಡಿಸ್ಕಿನ ಸಂಚಾರದಿಂದ ಹೊರಡುವ ಗದ್ದಲವು ಮೌಸು ಮಾತನಾಡುವ 2.4 ಗಿಗಾಹರ್ಟ್ಸಿನ ತರಂಗವನ್ನೇ ಮುಚ್ಚಿಬಿಡುತ್ತದೆಂದು ಇಂಟೆಲ್ ಕಂಪನಿಯೇ 2012ರಲ್ಲಿ ವಿವರಿಸಿತು. ಮೌಸಿನ ಗುಂಡಿಯನ್ನು ಗಣಕದ ಮುಂಭಾಗದ ಹಳೆಯ ಕಿಂಡಿಗೆ ಸ್ಥಳಾಂತರಿಸಿದರೆ ಉಪದ್ರವ ನಿಲ್ಲುತ್ತದೆ. ಕೀಲಿಮಣೆಯೂ ಅಲ್ಲಿಯೇ ಇರುವುದು ಮೇಲು. ಹಳೆಯ ಗಣಕವು ಎಚ್ಚರಗೊಳ್ಳುವ ಮೊದಲ ಕ್ಷಣಗಳಲ್ಲಿ ಹೊಸ ಕಾರ್ಡಿನ ಇರವನ್ನೇ ಅರಿಯದು. ಅದೇ ಕಾರಣದಿಂದ, ಪೆನ್ ಡ್ರೈವಿನಿಂದ ಗಣಕವನ್ನು ಚಾಲನೆ ಮಾಡಬೇಕಾದಾಗ ಹಳೆಯ ಕಿಂಡಿಯನ್ನೇ ಆಶ್ರಯಿಸಬೇಕು.

ಇಷ್ಟೆಲ್ಲ ಪ್ರಯಾಸ ಎಲ್ಲರಿಗೂ ಬೇಕೆ? ಬೇಡ. ಜೀವಮಾನದಲ್ಲಿ ಒಂದೇ ಸಲ ಒಂದು ಡಿಸ್ಕಿನ ಪ್ರತಿ ಮಾಡಬೇಕಾದವರು ನೆರೆಮನೆಯ ಹೊಸ ಗಣಕದ ಮುಂದೆ ಒಂದು ಸಂಜೆ ಕುಳಿತರೆ ಸಾಕು. ಗಣಕವೇ 2005ಕ್ಕಿಂತ ಹಿಂದಿನದಾದರೆ ಅದಕ್ಕೆ ಹಣ ಸುರಿಯುವುದು ವ್ಯರ್ಥ. ಡಿಸ್ಕು ಟಕಟಕನೆ ಸದ್ದು ಮಾಡುತ್ತಿದ್ದರೆ ಯಾವ ಕಿಂಡಿಗೂ ಜೋಡಿಸದೆ ಬಲ್ಲವರ ಕೈಗೆ ಒಪ್ಪಿಸಬೇಕು. ಅಂತಹ ಡಿಸ್ಕನ್ನು ಪುನಃ ಪುನಃ ಓಡಿಸುವುದೆಂದರೆ ಇದ್ದುದನ್ನೂ ಅಳಿಸಿದಂತೆ. ಆದರೆ ತಿಂಗಳಿಗೊಮ್ಮೆಯಾದರೂ ಚಿತ್ರ, ಧ್ವನಿಗಳನ್ನು ತುಂಬಿಡುವ ಮನೆಗೆ, ಶಾಲೆಯ ಗ್ರಂಥಾಲಯಕ್ಕೆ, ಹಳೆಯ ಅಕ್ಷರವಿನ್ಯಾಸದ ಕಡತಗಳಿಗಾಗಿ ಹಳೆಯ ಯಂತ್ರವನ್ನೇ ನೆಚ್ಚಿಕೊಂಡಿರುವ ಸಣ್ಣ ಮುದ್ರಣಾಲಯಕ್ಕೆ ಈ ಸಣ್ಣ ಕಾರ್ಡು ಕೊಟ್ಟ ಬೆಲೆಯನ್ನು ಬಹುಬೇಗ ತೀರಿಸುತ್ತದೆ.

ಆ ಕುಟುಂಬದ ಭಾನುವಾರಕ್ಕೆ ಮರಳಬಹುದು. ಬೆಳಗಿನ ಉಪಾಹಾರವಾದ ಮೇಲೆ ಹೊಸ ಕಿಂಡಿಗೆ ಡಿಸ್ಕನ್ನು ತೂರಿಸಿದ್ದಾರೆ; ಗಣಕದ ತಲೆಯ ಮೇಲೆ ಯು.ಪಿ.ಎಸ್. ಕಾವಲಿದೆ. ಪರದೆಯ ಮೇಲೆ ಸೆಕೆಂಡಿಗೆ 107 ಮೆಗಾಬೈಟೆಂದು ಅಂಕಿ ಓಡುತ್ತಿದೆ. ಗೃಹಿಣಿಯು ಹೋಳಿಗೆಗೆ ಬೇಳೆ ಬೇಯಲಿಟ್ಟು, ಹೂರಣ ರುಬ್ಬಿ ಮುಗಿಸುವಷ್ಟರಲ್ಲಿ ಪ್ರತಿಯಾಗಿದೆ. ಮೊದಲು ಮಾಡಬೇಕಾದದ್ದು, ಕಡತಗಳ ಸಂಖ್ಯೆ ಎರಡೂ ಕಡೆ ಒಂದೇ ಇದೆಯೆ ಎಂದು ನೋಡುವುದು. ಆಮೇಲೆ ಅಲ್ಲೊಂದು ಇಲ್ಲೊಂದು ಕಡತವನ್ನು ತೆರೆದು ಕಡೆಯವರೆಗೆ ಕೇಳುವುದು. ಆಮೇಲೆ ಗಣಕದ ಅಪ್ಪಣೆ ಪಡೆದೇ ಡಿಸ್ಕನ್ನು ಕಳಚುವುದು. ಮೂರನೆಯ ಪ್ರತಿಯೊಂದನ್ನು ಮಗಳ ಮನೆಗೆ ಕಳುಹಿಸಬೇಕೆಂದು ಮಾತಾಗಿದೆ, ಒಂದೇ ಸೂರಿನಡಿ ಎಲ್ಲವೂ ಇರಬಾರದೆಂದು. ಅದಕ್ಕೆ ಇನ್ನು ಒಂದೂಕಾಲು ಗಂಟೆ ಸಾಕು. ಊಟದ ಹೊತ್ತಿಗೆ ಅದೂ ಆಗುತ್ತದೆ.